ಏರಿನಲ್ಲಿ ಬಳೆ ಸಪ್ಪಳ

ಹಾಲಸ್ವಾಮಿಯ ಕಾರು ಮೂರನೇ ಸಲ ಗ್ಯಾರೇಜಿಗೆ ಬಂದದ್ದು ಬಾನು ಬೀಗೆ ಅಡುಗೆಮನೆಯಲ್ಲಿ ಕೂತೇ ಗೊತ್ತಾಯಿತು. ರಸ್ತೆಯಿಂದ ಅಂಗಳಕ್ಕೆ ಹತ್ತುವ ಸಣ್ಣ ದಿಬ್ಬದಲ್ಲಿ ಆ ಹಳೆಯ ಮಾರುತಿ ಏದುಸಿರು ಬಿಡುತ್ತ ಬರುವಾಗ ಇಂಜಿನ್ನಿನ ಒಳಗಿಂದ ಟಿಣ್ ಟಿಣ್ ಎಂದು ಸಣ್ಣ ಸಪ್ಪಳ ಕೇಳಿಸಿತು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಗೋಡೆಯ ಆಚೆ ಗ್ಯಾರೇಜಿನಲ್ಲಿ ಕೂತ ಗಂಡ ಅಹಮದಸಾಬನಿಗೆ ಆ ಸಪ್ಪಳ ಕೇಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಮನೆಯ ಸಂಸಾರ ಕೆಲವು ವರ್ಷಗಳಿಂದ ನಡೆಯುತ್ತಿದ್ದದ್ದೇ ಹೀಗೆ.

"ಸಾಬ್ರ, ಮತ್ತ ಬಡಿಯಾಕತ್ತೈತಿ ನೋಡ್ರಿ," ಎಂದ ಹಾಲಸ್ವಾಮಿ. ಹಡಗಲಿಯ ಮಲ್ಲಿಗೆ ತೋಟಗಳಿಂದ ಹೂವು ಎತ್ತಿ ಹರಪನಹಳ್ಳಿಗೂ ಕೊಟ್ಟೂರಿಗೂ ಮುಟ್ಟಿಸುವ ಮನುಷ್ಯ. ಕಾರಿನ ಹಿಂದಿನ ಸೀಟು ಕಿತ್ತು ಹಾಕಿ ಅಲ್ಲಿ ಬುಟ್ಟಿಗಳನ್ನು ಪೇರಿಸುತ್ತಿದ್ದ. "ಸಪಾಟ ರಸ್ತ್ಯಾಗ ಸುಮ್ನ ಇರತೈತಿ. ಏರು ಹತ್ತಿದ್ರ ಮುಗೀತು, ಒಳಗ ಯಾರೋ ಬಳಿ ಅಲ್ಲಾಡಿಸಿದಂಗ ಆಗತೈತಿ."

"ಎಲ್ಲೈತ್ರಿ ಸಪ್ಪಳ?" ಅಹಮದಸಾಬ ಬಾನೆಟ್ ಎತ್ತಿ, ಇಂಜಿನ್ನಿಗೆ ಬಲಗಿವಿ ಕೊಟ್ಟು, ಕೈಯಿಂದ ರೇಸ್ ಮಾಡಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಗಾಡಿ ಹಾಲಿನಂಗ ಐತಿ. ಪೆಟ್ರೋಲಿನ್ಯಾಗ ಅದೇನೋ ಎಥೆನಾಲ್ ಬೆರಸ್ತಾರಲ್ರಿ ಈಗ, ಅದರದ್ದು ಇರಬೇಕು. ಬಂಕ್ ಬದಲಿ ಮಾಡ್ರಿ."

"ಬದಲಿ ಮಾಡೇನ್ರಿ. ಪ್ಲಗ್ ನೀವ ಬದಲಿಸಿದ್ರಿ, ಹೆಡ್ ಬಿಚ್ಚಿ ಕಾರ್ಬನ್ ಕೆರದ್ರಿ, ರೇಡಿಯೇಟರ್ ತೊಳದ್ರಿ. ಇನ್ನೇನು ಉಳೀತು?" ಹಾಲಸ್ವಾಮಿ ಮೆತ್ತಗಿನ ಮನುಷ್ಯ. ಮೆತ್ತಗಿನವರ ಮಾತೇ ಹೆಚ್ಚು ನಾಟುತ್ತದೆ. "ಬ್ಯಾಸರಾ ಮಾಡ್ಕೊಬ್ಯಾಡ್ರಿ. ನಿಮ್ಮ ಅಳಿಯ ಅತಾವುಲ್ಲಾ ಇದ್ದಾಗ ಹಿಂಗ ಆಗ್ತಿದ್ದಿಲ್ಲ."

ಅಡುಗೆಮನೆಯಲ್ಲಿ ಬಾನು ಬೀ ಕಣ್ಣು ಮುಚ್ಚಿಕೊಂಡಳು. ಗೋಡೆಯಾಚೆ ಬೋಲ್ಟು ತಿರುಗಿಸುವ ಪಾನಾ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ಬಿದ್ದದ್ದಲ್ಲ, ಬಿಸಾಡಿದ್ದು.

ಅಹಮದಸಾಬನನ್ನು ಊರು ಕಿವಿಸಾಬ ಎಂದೇ ಕರೆಯುತ್ತಿತ್ತು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯಿಂದಲೂ ಹಳೆಯ ಕಾರುಗಳು ಅವನ ಕಿವಿಯನ್ನು ಹುಡುಕಿಕೊಂಡು ಬರುತ್ತಿದ್ದವು. ಬೇರೆ ಮೇಸ್ತ್ರಿಗಳು ಇಂಜಿನ್ನಿನಲ್ಲಿ ಕಿಡಿ ಹೊತ್ತುವ ಟೈಮಿಂಗ್ ಕೂರಿಸಲು ದೀಪದ ಯಂತ್ರ ಹಿಡಿಯುತ್ತಿದ್ದರು. ಇವನು ಅದನ್ನು ಮದುವೆ ಮನೆಯ ಫೋಟೋದವರ ಸಾಮಾನು ಎಂದು ಗೇಲಿ ಮಾಡುತ್ತಿದ್ದ. ಇವನದು ಬೇರೆಯೇ ದಾರಿ. ಕಾರನ್ನು ಹರಪನಹಳ್ಳಿ ರಸ್ತೆಯ ಏರಿಗೆ ಒಯ್ಯುವುದು. ಮೂರನೇ ಗೇರಿನಲ್ಲಿ ಕಾಲು ಒತ್ತಿ ಹತ್ತಿಸುವುದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಸಪ್ಪಳ ಬರುವ ತನಕ ಅದನ್ನು ಮುಂದಕ್ಕೆ ತಿರುಗಿಸುತ್ತ ಹೋಗುವುದು. ಸಪ್ಪಳ ಬಂತೋ, ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಗಿಯುವುದು. ಅಲ್ಲಿಗೆ ಇಂಜಿನ್ನು ಪೂರ್ತಿ ದಮ್ಮಿನಲ್ಲಿ ಓಡುತ್ತದೆ, ಬಡಿಯುವುದೂ ಇಲ್ಲ. ಕಿಡಿ ಅವಸರಪಟ್ಟು ಮೊದಲೇ ಹೊತ್ತಿದರೆ ಪಿಸ್ಟನ್ನಿನ ತಲೆಯ ಮೇಲೆ ಪೆಟ್ಟು ಬೀಳುತ್ತದೆ. ಹಾಗೇ ಓಡಿಸಿದರೆ ಒಂದು ದಿನ ಪಿಸ್ಟನ್ನಿಗೆ ತೂತು.

ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಯನ್ನು ಯಾರದೋ ಕಾರಿನಲ್ಲಿ ಕೂರಿಸಿಕೊಂಡು ಅದೇ ಏರಿಗೆ ಹೋಗಿದ್ದ. "ಕೇಳು, ನಿನ್ನ ಬಳಿ ಒಂದಕ್ಕೊಂದು ತಾಗಿದಂಗ ಕೇಳಸ್ತೈತಲ್ಲ, ಅದ," ಎಂದು ಅವಳ ಕೈ ಹಿಡಿದು ಅಲ್ಲಾಡಿಸಿ ತೋರಿಸಿದ್ದ. ಆಗ ಅವಳು ಹೊಸಿಲು ದಾಟಿದರೆ ಸಾಕು, ಬಳೆ ಸದ್ದಿಗೇ ಕಾರಿನ ಕೆಳಗಿಂದ "ಚಾ ತಂದಿಯೇನು?" ಎಂದು ಕೂಗುತ್ತಿದ್ದ. ಆ ಕಿವಿಯನ್ನು ಅವಳು ಮೆಚ್ಚಿಕೊಂಡಿದ್ದಳು. ಸುಳ್ಳೇಕೆ, ಅವನಿಗಿಂತ ಹೆಚ್ಚಾಗಿ ಮೆಚ್ಚಿಕೊಂಡಿದ್ದಳು.

ಅದು ಹೋದದ್ದು ಒಂದೇ ದಿನದಲ್ಲಲ್ಲ. ಮಾತು ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು, ಸಣ್ಣ ಸದ್ದುಗಳು ಒಂದೊಂದೇ ಅವನನ್ನು ಬಿಟ್ಟು ಹೋದವು. ಜೇಬಿನಲ್ಲಿ ಮೊಬೈಲು ಬಡಿದುಕೊಂಡರೂ ಬೀಡಿ ಸೇದುತ್ತ ಕೂತಿರುತ್ತಿದ್ದ. ಚಹಾ ಹಿಡಿದು ಅವಳು ಪಕ್ಕದಲ್ಲೇ ನಿಂತರೆ ಬೆಚ್ಚಿಬಿದ್ದು "ಬೆಕ್ಕಿನಂಗ ಬರ್ತೀಯಲ್ಲ" ಎಂದು ರೇಗುತ್ತಿದ್ದ. ಕೈತುಂಬ ಬಳೆ ಇಟ್ಟುಕೊಂಡ ಬೆಕ್ಕು! ದವಾಖಾನೆಯ ಮಾತೆತ್ತಿದರೆ ಮೂಗಿನ ತುದಿಗೆ ಸಿಟ್ಟು. ಸಪ್ಪಳವೇ ಕೇಳಿಸದವನು ಸಪ್ಪಳ ಬರುವ ತನಕ ತಿರುಗಿಸುತ್ತ ಹೋದರೆ ಏನಾದೀತು? ಅವನ ಕೈಯಿಂದ ಹೊರಬಿದ್ದ ಪ್ರತಿ ಕಾರೂ ಬಡಿಯತೊಡಗಿತು.

ಆಗ ಬಾನು ಬೀ ಒಂದು ಕೆಲಸ ಮಾಡಿದಳು. ಮಗಳು ಗುಲಫಶಾಳ ಗಂಡ ಅತಾವುಲ್ಲಾ ಅದೇ ಗ್ಯಾರೇಜಿನಲ್ಲಿ ಮಾವನ ಕೈಕೆಳಗೆ ಕೆಲಸಕ್ಕಿದ್ದ. ಅವನನ್ನು ಹಿತ್ತಲಿಗೆ ಕರೆದು, "ನಿಮ್ಮ ಉಸ್ತಾದರಿಗೆ ಗೊತ್ತಾಗದಂಗ ನೀನ ಒಂದೀಟು ಹಿಂದಕ್ಕ ತಿರುಗಿಸಿ ಕಳಸಪ್ಪ. ಅವರ ಹೆಸರು ಉಳೀಲಿ," ಎಂದಳು. ಅವನು ಒಂದೂ ಎದುರುಮಾತಾಡದೆ ಒಪ್ಪಿದ. ಮಾವ ನಮಾಜಿಗೆ ಹೋದಾಗಲೋ ಊಟಕ್ಕೆ ಕೂತಾಗಲೋ ಸದ್ದಿಲ್ಲದೆ ಬೋಲ್ಟು ಸಡಿಲಿಸಿ ಸರಿಮಾಡಿ ಇಡುತ್ತಿದ್ದ. ಕಾರುಗಳು ಹಾಲಿನಂತೆ ಓಡಿದವು, ಕಿವಿಸಾಬನ ಹೆಸರು ಉಳಿಯಿತು.

ಒಂದು ದಿನ ಅಳಿಯ ಸಿಕ್ಕಿಬಿದ್ದ. ಕೊಟ್ಟೂರಿನ ಮೇಷ್ಟ್ರ ಕಾರು. ಅಹಮದಸಾಬ ಊಟದಿಂದ ನಡುವೆ ಎದ್ದು ಹೊರಗೆ ಬಂದವನು ಅಳಿಯನ ಕೈಯಲ್ಲಿ ಪಾನಾ ನೋಡಿದ. ಗಿರಾಕಿಗಳ ಎದುರಿಗೇ, "ನಾ ಕೂರಿಸಿದ ಟೈಮಿಂಗ್ ಕೆಡಸಾಕತ್ತೀಯಲ್ಲಲೇ ಹರಾಮಿ! ನನ್ನ ಹೆಸರು ಹಾಳು ಮಾಡಿ ಗಿರಾಕಿ ಎಳಕೊಂಡು ಹೋಗಬೇಕಂತ ಮಾಡೀಯೇನು?" ಎಂದು ಕೊರಳಪಟ್ಟಿ ಹಿಡಿದ. ಬಾನು ಬೀ ಮನೆಬಾಗಿಲ ಪರದೆಯ ಹಿಂದೆಯೇ ಇದ್ದಳು. ಅತಾವುಲ್ಲಾ ಒಮ್ಮೆ ಪರದೆಯ ಕಡೆ ನೋಡಿದ. ನಾನು ಹೇಳಿದ್ದು ಎಂದು ಒಂದು ಮಾತು ಅವಳು ಆಡಿದ್ದರೆ ಸಾಕಿತ್ತು. ನಾಲಿಗೆ ಏಳಲಿಲ್ಲ. ನಾಳೆ ಸಿಟ್ಟು ಇಳಿದ ಮೇಲೆ ಹೇಳಿದರಾಯಿತು ಅಂದುಕೊಂಡಳು. ಅಳಿಯ ಅವಳ ಹೆಸರು ಎತ್ತಲಿಲ್ಲ. ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಹರಪನಹಳ್ಳಿಯ ತಾಯಿಯ ಮನೆಗೆ ಹೋದ. ಅವಳ ನಾಳೆ ಇನ್ನೂ ಬಂದಿರಲಿಲ್ಲ.

ಈಗ ಗುಲಫಶಾಗೆ ದಿನ ತುಂಬುತ್ತ ಬಂದಿತ್ತು. ಮೊದಲ ಹೆರಿಗೆ. ಏಳನೇ ತಿಂಗಳಿಗೇ ಹಸಿರು ಬಳೆ ತೊಡಿಸಿ, ಹೂವು ಮುಡಿಸಿ ತವರಿಗೆ ಕರೆತರಬೇಕಿತ್ತು. ತರಬೇಕಾದವನು ತಂದೆ. ತಂದೆ ಆ ಮನೆಯ ಬಾಗಿಲು ತುಳಿಯುವುದಿಲ್ಲ ಎಂದು ಕೂತಿದ್ದ. ಫೋನಿನಲ್ಲಿ ಮಗಳು, "ಅಬ್ಬಾ ಬರಂಗಿಲ್ಲೇನಮ್ಮಾ?" ಎಂದು ಕೇಳುವುದನ್ನೂ ಈಚೆಗೆ ಬಿಟ್ಟಿದ್ದಳು. ಬಾನು ಬೀ ತಂದಿಟ್ಟ ಹಸಿರು ಬಳೆಗಳು ಕಪಾಟಿನಲ್ಲಿ ಕಾಗದದೊಳಗೇ ಇದ್ದವು.

ಹಾಲಸ್ವಾಮಿಯ ಮಾತು ಕೇಳಿಸಿಕೊಂಡ ಮೇಲೆ ಅವಳು ರೊಟ್ಟಿಯ ಹಂಚು ಇಳಿಸಿದಳು. ಬುರ್ಖಾ ಹಾಕಿಕೊಂಡು ಹೊರಗೆ ಬಂದಳು. ಅಹಮದಸಾಬ ಬೀಗದಕೈ ಹಿಡಿದು ಕಾರು ಹತ್ತುತ್ತಿದ್ದ.

"ಏರಿಗೆ ಹೊಂಟೀರೇನ್ರಿ? ನಾನೂ ಬರ್ತೀನಿ."

"ನೀ ಯಾಕ?"

"ಸುಮ್ನ. ಮನ್ಯಾಗ ಕುಂತು ಕುಂತು ಸಾಕಾಗೈತಿ."

ಅವನಿಗೆ ಅದೂ ಒಂದು ಬಗೆಯಲ್ಲಿ ಹಿಡಿಸಿತು. "ಬಾ. ಸಪ್ಪಳ ಇಲ್ಲ ಅನ್ನಾಕ ಒಂದು ಸಾಕ್ಷಿ ಆಗತೈತಿ," ಎಂದು ಹಾಲಸ್ವಾಮಿಯ ಕಡೆ ನೋಡಿ ನಕ್ಕ. ಹಾಲಸ್ವಾಮಿ ಗ್ಯಾರೇಜಿನ ಬೆಂಚಿನ ಮೇಲೆ ಉಳಿದುಕೊಂಡ.

ಕಾರಿನಲ್ಲಿ ಬಾಡಿದ ಮಲ್ಲಿಗೆಯ ವಾಸನೆ ದಟ್ಟವಾಗಿತ್ತು. ಕಾರು ಊರು ದಾಟಿತು. ಬಾನು ಬೀ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದಳು. ಏರಿನಲ್ಲಿ ನಿಜ ಹೇಳುವುದು. ಸಿಟ್ಟಾಗಲಿ, ಬಯ್ಯಲಿ. ಏರಿನ ನೆತ್ತಿ ಮುಟ್ಟಿದರೆ ರಸ್ತೆ ನೆಟ್ಟಗೆ ಹರಪನಹಳ್ಳಿಗೆ. ಹಾಗೇ ಹೋಗಿ ಮಗಳನ್ನು ಕರೆದುಕೊಂಡು ಬರುವುದು. ಗಂಡಸಿನ ಹಟ ಒಡೆಯಲು ಒಂದು ನಿಜ ಸಾಕು ಎಂದು ಅವಳು ನಂಬಿದ್ದಳು. ಆ ವಯಸ್ಸಿಗೂ ಅಷ್ಟು ನಂಬಿಕೆ ಉಳಿಸಿಕೊಂಡಿದ್ದಳಲ್ಲ, ಪಾಪ.

ಏರು ಶುರುವಾಯಿತು. ಅಹಮದಸಾಬ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದ. ಕೂಡಲೇ ಬಂತು, ಟಿಣ್ ಟಿಣ್ ಟಿಣ್. ಗಾಜಿನ ಬಳೆಗಳ ಗೊಂಚಲನ್ನು ಯಾರೋ ಡಬ್ಬಿಯೊಳಗೆ ಹಾಕಿ ಕುಲುಕಿದಂತೆ. ಅವನು ಕಿಟಕಿಯಾಚೆ ತಲೆ ಹಾಕಿ, ಹಳೆಯ ಠೀವಿಯಲ್ಲೇ ಕೇಳಿಸಿಕೊಂಡ.

"ಎಲ್ಲೈತಿ ಹೇಳು?"

"ಐತ್ರಿ."

"ಆಂ?"

"ಸಪ್ಪಳ ಐತಿ. ಜೋರು ಐತಿ. ನಿಮಗ ಕೇಳಸವಲ್ದು." ಅವಳು ಅವನ ಕಡೆ ತಿರುಗಿ ಕೂತಳು. "ನಿಮ್ಮ ಕಿವಿ ಹೋಗೈತ್ರಿ. ಬಾಳ ದಿನಾ ಆತು. ನನ್ನ ಬಳಿ ಸಪ್ಪಳ ನಿಮಗ ಕೇಳಸ್ತೈತೇನು?"

ಅವನ ಮೂಗಿನ ಮುಂದೆ ಎರಡೂ ಕೈ ಹಿಡಿದು ಬಳೆ ಅಲ್ಲಾಡಿಸಿದಳು. ಕಾರು ತಾನಾಗಿ ನಿಧಾನವಾಗಿ, ಒಂದು ಜಾಲಿ ಮರದ ಹತ್ತಿರ ನಿಂತಿತು. ಅವನು ಬಳೆಗಳನ್ನೇ ನೋಡುತ್ತಿದ್ದ. ಬಳೆಗಳು ಅಲುಗುವುದು ಕಾಣುತ್ತಿತ್ತು, ಅಷ್ಟೆ. ಆ ಮುಖ ನೋಡಲಾಗದೆ ಅವಳು ಕೈ ಇಳಿಸಿದಳು. ಅವಳಿಗೆ ಅಳು ಬಂತು. ಇಷ್ಟು ವರ್ಷ ಮುಚ್ಚಿಟ್ಟದ್ದು ಇದೇ ಮುಖ ನೋಡಬಾರದು ಎಂದಲ್ಲವೇ?

"ಅತಾವುಲ್ಲಾ ನಿಮ್ಮ ಕೆಲಸ ಕೆಡಸಲಿಲ್ರಿ. ನೀವು ಕೂರಿಸಿದ್ದನ್ನ ಸರಿ ಮಾಡಿ ಕಳಸ್ತಿದ್ದ. ನಾನ ಹೇಳಿದ್ದೆ ಅವಂಗ. ಅಲ್ಲಾನ ಆಣಿ, ನಾನ ಹೇಳಿದ್ದು. ಅವತ್ತು ನಾ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ."

ಅಹಮದಸಾಬ ಇಂಜಿನ್ನು ಆರಿಸಿದ. ಆಮೇಲೆ ಒಂದೇ ಮಾತು ಆಡಿದ. "ಅಂದ್ರ, ಇಬ್ಬರೂ ಸೇರಿ ನನ್ನ ಆಟ ಆಡಸೀರಿ."

ಇಳಿದ. ಬಾನೆಟ್ ಎತ್ತಿದ. ಪಾನಾ ಹಾಕಿ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಒಂದಿಷ್ಟು ಹಿಂದಕ್ಕೆ ತಿರುಗಿಸಿದ. ಕಾರು ಹಿಂದಕ್ಕೆ ಇಳಿಸಿ ಮತ್ತೆ ಏರು ಹತ್ತಿಸಿದ. ಏನೂ ಕೇಳದೆ ಅವಳ ಮುಖ ನೋಡಿದ.

"ಕಮ್ಮಿ ಆಗೈತಿ. ಪೂರಾ ಹೋಗಿಲ್ಲ."

ಮತ್ತೆ ಇಳಿದು ತಿರುಗಿಸಿದ, ಮತ್ತೆ ಹತ್ತಿಸಿದ. ಒಂದು ಸಲ ಹಿಂದಕ್ಕೆ ಹೆಚ್ಚಾಗಿ ಕಾರು ಎತ್ತಿನಂತೆ ಮೊಂಡು ಹಿಡಿಯಿತು. ಸ್ವಲ್ಪ ಮುಂದಕ್ಕೆ ತಂದ. ಕೊನೆಗೆ ಒಂದು ಸಲ ಕಾರು ಏರನ್ನು ಸಲೀಸಾಗಿ ಏರಿತು. ಇಂಜಿನ್ನಿನ ದಪ್ಪ ಗುಂಯ್‌ಗುಡುವ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ.

"ಇಲ್ರಿ," ಎಂದಳು ಅವಳು. "ಹೋತು ಈಗ."

ಅವನು ಬೋಲ್ಟು ಬಿಗಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಬಿಗಿದು, ಕೈ ಒರೆಸಿಕೊಂಡು, ಎಷ್ಟೋ ದಿನಗಳ ಮೇಲೆ ಒಮ್ಮೆ ನಕ್ಕ. ಬಾನು ಬೀಯ ಎದೆ ಹಗುರಾಯಿತು. ಕಾರು ನೆತ್ತಿಯ ಮೇಲೆ ನಿಂತಿತ್ತು. ಮುಂದೆ ರಸ್ತೆ ಇಳಿದುಕೊಂಡು ಹೋಗುತ್ತಿತ್ತು.

"ಹಿಂಗ ಹೋಗೂಣೇನ್ರಿ? ಒಂದೀಟು ಹೊತ್ತಿನ ದಾರಿ. ಹಾಲಸ್ವಾಮಿಯವರಿಗೆ ಫೋನ್ ಮಾಡಿ ಹೇಳಿದ್ರ ಬ್ಯಾಡ ಅನ್ನಂಗಿಲ್ಲ. ಗುಲಫಶಾನ ಕರಕೊಂಡು ಬರೂಣು. ಅತಾವುಲ್ಲಾಗ ನೀವೇನೂ ಹೇಳಬ್ಯಾಡ್ರಿ, ನಾ ಹೇಳ್ತೀನಿ. ಅವ ಗ್ಯಾರೇಜಿಗೆ ಬರ್ಲಿ. ನಿಮಗೂ ಆಸರ ಆಗತೈತಿ."

"ಅವ ಯಾಕ ಬೇಕು ಈಗ?" ಅಹಮದಸಾಬ ಸ್ಟೇರಿಂಗ್ ಹೊರಳಿಸಿದ. ಕಾರಿನ ಮೂತಿ ಹಡಗಲಿಯ ಕಡೆ ತಿರುಗಿತು. "ಅವನ್ನ ಕರದ್ರ ಊರೆಲ್ಲಾ ಏನಂತೈತಿ? ಕಿವಿಸಾಬನ ಕಿವಿ ಅಳಿಯನ ತಲಿಮ್ಯಾಲೆ ಐತಿ ಅಂತೈತಿ. ಈಗ ನೀ ಅದೀಯಲ್ಲ. ಇನ್ನ ಮ್ಯಾಲೆ ಟ್ರಯಲ್‌ಗೆ ನೀನ ಬಾ. ಮನಿ ಮಾತು ಮನ್ಯಾಗ ಇರತೈತಿ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಅಳಿಯ ಬೇಕು ಎನ್ನಲು ಇದ್ದ ಒಂದೇ ಕಾರಣವನ್ನು ಅವಳೇ ಈಗ ತನ್ನ ಕಿವಿ ಕೊಟ್ಟು ಇಲ್ಲವಾಗಿಸಿದ್ದಳು.

"ಮಗಳದು ಮೊದಲನೇ ಹೆರಿಗಿ ಐತ್ರಿ," ಎಂದಳು.

ಅವನು ಗೇರು ಬದಲಿಸಿದ.

"ನಾ ಹೇಳಿದ್ದು ಕೇಳಿಸ್ತೇನ್ರಿ?"

"ಇಲ್ಲ," ಎಂದ ಅಹಮದಸಾಬ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. ತುಟಿಯ ತುದಿಯಲ್ಲಿ ಸಣ್ಣ ನಗೆಯಿತ್ತು. "ನನ್ನ ಕಿವಿ ಹೋಗೈತಿ ಅಂತ ನೀನ ಅಂದಿಯಲ್ಲ."

ಗ್ಯಾರೇಜಿಗೆ ಬಂದ ಮೇಲೆ ಹಾಲಸ್ವಾಮಿ ಕಾರು ಓಡಿಸಿ ನೋಡಿಕೊಂಡು ಬಂದು ಕೈ ಮುಗಿದ. "ಕಿವಿ ಅಂದ್ರ ನಿಮ್ದ ನೋಡ್ರಿ ಸಾಬ್ರ. ನಾ ಏನೇನೋ ಅಂದುಬಿಟ್ಟೆ, ಮನಸಿನ್ಯಾಗ ಇಟ್ಕೊಬ್ಯಾಡ್ರಿ." ಅಹಮದಸಾಬ ಬೀಡಿ ಹಚ್ಚಿ, "ಟೈಮಿಂಗ್ ಒಂದೀಟು ಮುಂದಕ್ಕ ಹೋಗಿತ್ತು. ಅಳಿಯ ಕೆಡಿಸಿ ಇಟ್ಟಿದ್ದು, ಈಗ ಸಿಕ್ತು," ಎಂದ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಏರಿನಲ್ಲಿ ಅವಳು ಆಣೆ ಹಾಕಿ ಹೇಳಿದ್ದು ಗಾಳಿಗೆ ಹೋಗಿತ್ತು. ಇವತ್ತೂ ಅವಳು ಪರದೆಯ ಹಿಂದೆಯೇ ನಿಂತಿದ್ದಳು, ಇವತ್ತೂ ಬಾಯಿ ಬಿಡಲಿಲ್ಲ. ಬಿಡದ ತನ್ನ ಬಾಯಿಯ ಮೇಲೆ ಅವಳಿಗೆ ಹೇಸಿಗೆಯಾಯಿತು.

ಸಂಜೆ ಹಾಲಸ್ವಾಮಿ ಮಲ್ಲಿಗೆ ಮೊಗ್ಗಿನ ದೊಡ್ಡ ಪೊಟ್ಟಣ ತಂದುಕೊಟ್ಟ. "ಮಗಳು ಹೆರಿಗಿಗೆ ಬಂದಿರಬೇಕಲ್ರಿ, ಮುಡಸ್ರಿ," ಎಂದ. ಅವನಿಗೇನು ಗೊತ್ತು. ಬಾನು ಬೀ ಹೂವನ್ನು ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಳು.

ಮರುದಿನ ಬೆಳಿಗ್ಗೆ ಹಂಪಸಾಗರದ ಜಂಬಣ್ಣ ತನ್ನ ಹಳೆಯ ಫಿಯೆಟ್ ತಂದು ನಿಲ್ಲಿಸಿದ. ಏರಿನಲ್ಲಿ ದಮ್ಮು ಸಾಲುವುದಿಲ್ಲ ಎಂಬುದು ಅವನ ದೂರು. ಅಹಮದಸಾಬನ ಹುರುಪು ನೋಡಬೇಕಿತ್ತು. "ಒಂದು ಸುತ್ತು ಹೊಡದು ಬರೂಣ್ರಿ. ಮನಿಯಾಕಿನೂ ಬರ್ತಾಳ, ಆಕಿಗೆ ಗಾಳಿ ಬೇಕಂತ," ಎಂದು ಜೋರಾಗಿ ನಗುತ್ತ, "ಬಾನೂ, ಬಾ ಲಗೂನ!" ಎಂದು ಕೂಗಿದ.

ಅವಳು ಬುರ್ಖಾ ಹಾಕಿಕೊಂಡೇ ಹೊರಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಚೀಲದ ಬಾಯಿಯಲ್ಲಿ ಒದ್ದೆ ಬಟ್ಟೆಯ ಗಂಟು.

"ಚೀಲ ಯಾಕ?"

"ಹರಪನಹಳ್ಳಿಗೆ ಹೊಂಟೀನಿ. ಬಸ್ಸಿಗೆ."

"ಈಗೇನು ಅವಸರ? ಗಾಡಿ..." ಎಂದವನು ಅಲ್ಲಿಗೇ ನಿಂತ. ಜಂಬಣ್ಣ ಪಕ್ಕದಲ್ಲೇ ಇದ್ದ. ನೀನಿಲ್ಲದೆ ಸಪ್ಪಳ ಯಾರು ಕೇಳಬೇಕು ಎಂದು ಜಂಬಣ್ಣನ ಎದುರಿಗೆ ಹೇಗೆ ಕೇಳಿಯಾನು? ಅವನ ಕಣ್ಣು ಮಾತ್ರ ಕೇಳಿತು, ಬೇಡಿಕೊಂಡಿತು ಕೂಡ. ಬಾನು ಬೀ ಆ ಕಣ್ಣನ್ನು ನೋಡಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅವನನ್ನು ಊರ ಮುಂದೆ ಬಯಲಿಗೆಳೆಯಲು ಅವಳಿಗೆ ಆಗಲೂ ಮನಸ್ಸು ಬರಲಿಲ್ಲ. ಇಷ್ಟಾದ ಮೇಲೂ.

"ಮಗಳ ಬಾಣಂತನಕ್ಕ ಹೊಂಟಾಳ," ಎಂದು ಅಹಮದಸಾಬ ಜಂಬಣ್ಣನಿಗೆ ಹೇಳಿ ನಗಲು ನೋಡಿದ. "ಹೆಂಗಸರದು ಗೊತ್ತಲ್ರಿ."

ಜಂಬಣ್ಣನ ಹುಬ್ಬು ಮೇಲೇರಿತು. ಮೊದಲ ಹೆರಿಗೆಗೆ ಮಗಳು ತವರಿಗೆ ಬರುವುದನ್ನು ಬಿಟ್ಟು, ತಾಯಿಯೇ ಬೀಗರ ಮನೆಗೆ ಹೋಗಿ ಬಾಣಂತನ ಮಾಡುವುದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು. ರಸ್ತೆಗೆ ಹೋಗಿ ಬಸ್ಸಿಗೆ ಕೈ ಮಾಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡಳು. ಅಳಿಯನ ತಾಯಿಯ ಮುಂದೆ ಏನು ಹೇಳಬೇಕು ಎಂದು ಜೋಡಿಸಿಕೊಳ್ಳತೊಡಗಿದಳು. ನಾನೇ ಹೇಳಿದ್ದೆ ಎನ್ನಬೇಕು. ಆಮೇಲೆ? ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರೆ? ಆ ಮನೆಯವರು ಬಾಗಿಲಲ್ಲೇ ನಿಲ್ಲಿಸಿದರೂ ನಿಲ್ಲಿಸಿಯಾರು. ಮಗಳೇ ಮುಖ ತಿರುಗಿಸಿದರೂ ತಿರುಗಿಸಿಯಾಳು.

ಏರಿನ ನಡುವೆ ಜಾಲಿ ಮರದ ಹತ್ತಿರ ಬಸ್ಸು ನಿಂತಿತು. ಹೊಲಕ್ಕೆ ಹೋಗುವ ಹೆಂಗಸರು ಬುತ್ತಿಯ ಗಂಟುಗಳನ್ನು ಹಿಡಿದು ಇಳಿಯುತ್ತಿದ್ದರು. ಆಗ ಹಿಂದಿನಿಂದ ಸಪ್ಪಳ ಬಂತು. ಟಿಣ್ ಟಿಣ್ ಟಿಣ್. ಜಂಬಣ್ಣನ ಫಿಯೆಟ್ ಬಸ್ಸನ್ನು ದಾಟಿ, ಸ್ವಲ್ಪ ಮುಂದೆ ಹೋಗಿ ರಸ್ತೆಯಂಚಿಗೆ ನಿಂತಿತು. ಅಹಮದಸಾಬ ಇಳಿದ. ಬಾನೆಟ್ ಎತ್ತಿ ಪಾನಾ ಹಾಕಿದ. ಪಕ್ಕದಲ್ಲಿ ಜಂಬಣ್ಣ ಕೈ ಕಟ್ಟಿಕೊಂಡು, ಪ್ರಾರ್ಥನೆ ನೋಡುವವನ ಹಾಗೆ ಭಕ್ತಿಯಿಂದ ನಿಂತಿದ್ದ. ಅಹಮದಸಾಬ ಒಮ್ಮೆ ಬಸ್ಸಿನ ಕಡೆ ತಿರುಗಿ, ಒಂದೊಂದೇ ಕಿಟಕಿ ಹುಡುಕಿ, ಅವಳನ್ನು ಕಂಡ. ಪಾನಾ ಹಿಡಿದ ಕೈಯನ್ನು ಕೊಂಚ ಎತ್ತಿದ. ಯಾವ ಕಡೆಗೆ ಎಂದು ಕೇಳುವಂತೆ.

ಹಿಂದಕ್ಕೆ ಎಂದು ಬೆರಳು ತೋರಿಸಿದರೆ ಸಾಕಿತ್ತು. ಅವಳ ಕೈ ಕಿಟಕಿಯ ಸರಳಿನ ತನಕ ಹೋಯಿತು. ಬಳೆ ಸರಳಿಗೆ ತಾಗಿ ಸದ್ದಾಯಿತು. ಸದ್ದು ಅವನ ತನಕ ಮುಟ್ಟುವುದಿಲ್ಲ. ಅವಳು ಕೈಯನ್ನು ಹಿಂದಕ್ಕೆ ತಂದು ಚೀಲದ ಮೇಲೆ ಇಟ್ಟುಕೊಂಡಳು.

ಅಹಮದಸಾಬ ಒಂದು ಕ್ಷಣ ಕಾದ. ಆಮೇಲೆ ಬಗ್ಗಿ, ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿದ.

"ಇಳಿಯೋರು ಅದೀರೇನಮ್ಮಾ?" ಕಂಡಕ್ಟರು ಅವಳ ಸೀಟಿನ ಹತ್ತಿರ ಬಂದು ಕೇಳಿದ. ಅವಳು ಅರ್ಧ ಎದ್ದು ನಿಂತಿದ್ದಳು.

"ಇಲ್ಲಪ್ಪ, ಹರಪನಹಳ್ಳಿಗೆ," ಎಂದು ಆಧಾರ್ ಕಾರ್ಡು ತೆಗೆದು ತೋರಿಸಿ, ಕೂತು, ಕಿಟಕಿಯ ಗಾಜು ಎಳೆದುಕೊಂಡಳು.